ಮೆಣಸಿನಕಾಯಿ ಕೆಂಪಾದಾಗ ಅವ್ವನ ಹತ್ತಿರ ಯಾರು?

ದುಡಿಯುವ ಕೈಗಳು ಗುಂಟೂರಿಗೆ, ಬೆಂಗಳೂರಿಗೆ ಹೊರಟ ಮೇಲೆ ಕೋಸಗಿ ಸೀಮೆಯ ಮನೆಗಳಲ್ಲಿ ಉಳಿಯುವವರು ಮುದುಕರು. ಅವರನ್ನು ನೋಡಿಕೊಳ್ಳಲು ಒಪ್ಪಿದವರೂ ಒಂದು ದಿನ ಅದೇ ಲಾರಿ ಹತ್ತುತ್ತಾರೆ. ಇವತ್ತು ಬಂದು ನಾಳೆ ತಪ್ಪುವ ಈ ಆರೈಕೆಯನ್ನು ಒಂದು ಕ್ರಮಕ್ಕೆ ತರಲಾಗದೇ?

ದಸರಾ, ದೀಪಾವಳಿ ಕಳೆದ ಮೇಲಿನ ಒಂದು ನಸುಕು. ಕೋಸಗಿಯ ಓಣಿಯ ತುದಿಗೆ ಮಿನಿ ಲಾರಿ ಬಂದು ನಿಂತಿದೆ. ಅಕ್ಕಿ ಚೀಲ, ಜೋಳದ ಹಿಟ್ಟಿನ ಡಬ್ಬಿ, ಪ್ಲಾಸ್ಟಿಕ್ ಕೊಡ, ಕೌದಿಯ ಗಂಟು, ಕಾಲು ಕಟ್ಟಿದ ಕೋಳಿ ಒಂದೊಂದಾಗಿ ಮೇಲೇರುತ್ತವೆ. ನಿದ್ದೆಗಣ್ಣಿನ ಮಕ್ಕಳನ್ನು ಗಂಟುಗಳ ಸಂದಿಯಲ್ಲಿ ಕೂರಿಸುತ್ತಾರೆ. ಮೇಸ್ತ್ರಿ ಕೈಯಲ್ಲಿ ಪಟ್ಟಿ ಹಿಡಿದು ತಲೆ ಎಣಿಸುತ್ತಾನೆ.

ಮನೆಯ ಕಟ್ಟೆಯ ಮೇಲೆ ಮುದುಕಿ ಕೂತಿದ್ದಾಳೆ. ಸೊಸೆ ಪಕ್ಕದ ಮನೆಯಾಕೆಯ ಅಂಗೈಗೆ ಗುಳಿಗೆಯ ಹಾಳೆ ಇಟ್ಟು ಹೇಳುತ್ತಾಳೆ: “ಮುಂಜಾನಿ ಈ ಬಿಳೀದು. ರಾತ್ರಿ ಉಂಡ ಮ್ಯಾಲೆ ಅರ್ಧ ಗುಳಿಗಿ. ಮರೀಬ್ಯಾಡಕ್ಕ.” ಪಕ್ಕದ ಮನೆಯಾಕೆ ಧೈರ್ಯ ತುಂಬುತ್ತಾಳೆ: “ನೀವು ಹೋಗಿ ಬರ್ರಿ. ನಾ ಅದೀನಲ್ಲ.”

ಆಕೆಯ ಮಾತು ಸುಳ್ಳಲ್ಲ. ಮನಸ್ಸಿಟ್ಟೇ ಹೇಳಿರುತ್ತಾಳೆ. ಆದರೆ ಸಂಕ್ರಾಂತಿಯ ಹೊತ್ತಿಗೆ ಗುಂಟೂರು ಕಡೆ ಮೆಣಸಿನಕಾಯಿ ಕೆಂಪಾಗುತ್ತದೆ. ಮೇಸ್ತ್ರಿ ಆಕೆಯ ಮನೆಯ ಬಾಗಿಲಿಗೂ ಮುಂಗಡ ಹಿಡಿದು ಬರುತ್ತಾನೆ. ಮಗಳ ಮದುವೆಯ ಸಾಲ, ಬೋರ್‌ವೆಲ್ ಕೊರೆಸಿದ ಸಾಲ, ಹತ್ತಿ ಬೀಜದ ಅಂಗಡಿಯ ಬಾಕಿ ಎಲ್ಲವೂ ಆ ಮುಂಗಡದ ಕಡೆಗೇ ಬೆರಳು ತೋರಿಸುತ್ತವೆ. ಆಕೆಯೂ ಲಾರಿ ಹತ್ತುತ್ತಾಳೆ. ಗುಳಿಗೆಯ ಹಾಳೆ ಮೂರನೆಯ ಕೈಗೆ ಹೋಗುತ್ತದೆ. ಕೆಲವೊಮ್ಮೆ ಯಾವ ಕೈಗೂ ಹೋಗುವುದಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಕೋಸಗಿ, ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯ ಮಂಡಲಗಳ ಹಳ್ಳಿ ಹಳ್ಳಿಯಲ್ಲೂ ನಡೆಯುವಂಥದ್ದು. ಇಲ್ಲಿನ ಜನ ಇದನ್ನು ‘ಸುಗ್ಗಿಗೆ ಹೋಗೋದು’ ಎನ್ನುತ್ತಾರೆ. ಸುಗ್ಗಿ ಬೇರೆಯವರ ಹೊಲದ್ದು, ಕೂಲಿ ಇವರದು.

ಬಳ್ಳಾರಿಯಲ್ಲಿ ಹುಟ್ಟಿ ಕರ್ನೂಲಿನಲ್ಲಿ ಮುಪ್ಪಾದವರು

ಕೋಸಗಿ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ. ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲು ಹಳಿಯಲ್ಲಿ ಮಂತ್ರಾಲಯ ರೋಡ್ ದಾಟಿದ ಮೇಲೆ, ಆದೋನಿಗಿಂತ ಮುಂಚೆ ಸಿಗುವ ಊರು. ಸಂತೆಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ ಕೇಳುವ ಸೀಮೆ ಇದು.

ಇಲ್ಲಿ ಇವತ್ತು ಎಂಬತ್ತು ದಾಟಿದವರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಆ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಸೇರಿದವು. ಊರು ಬಿಟ್ಟು ಕದಲದೆಯೇ ಈ ಜನ ರಾಜ್ಯ ಬದಲಿಸಿದರು.

ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿಯಿತು. ಕೆಳಮಟ್ಟದ ಕಾಲುವೆ ಈ ಸೀಮೆಗೂ ಬಂತು. ಆದರೆ ಮಳೆಯನ್ನೇ ನಂಬಿದ ಕಪ್ಪು ನೆಲ ಇನ್ನೂ ಬಹಳ ಉಳಿದಿದೆ. ಹತ್ತಿ, ಶೇಂಗಾ, ಜೋಳ, ಈರುಳ್ಳಿ ಬೆಳೆಯುವ ರೈತನಿಗೆ ಒಂದು ಮಳೆ ತಪ್ಪಿದರೆ ಸಾಲ, ಎರಡು ತಪ್ಪಿದರೆ ಲಾರಿ. ಹತ್ತಿ ಬಿಡಿಸಲು ತೆಲಂಗಾಣ, ಮೆಣಸಿನಕಾಯಿ ಕೀಳಲು ಗುಂಟೂರು ಮತ್ತು ಪಲ್ನಾಡು, ಕಟ್ಟಡದ ಕೆಲಸಕ್ಕೆ ಬೆಂಗಳೂರು ಮತ್ತು ಹೈದರಾಬಾದ್. ಶ್ರಾವಣದಲ್ಲಿ ಉರುಕುಂದ ಈರಣ್ಣ ಸ್ವಾಮಿಯ ಜಾತ್ರೆಗೆ ಮನೆ ತುಂಬಿರುತ್ತದೆ. ಆಮೇಲೆ ಖಾಲಿಯಾಗತೊಡಗಿದ ಮನೆ ಮತ್ತೆ ತುಂಬುವುದು ಯುಗಾದಿಗೆ.

ನಡುವಿನ ಐದಾರು ತಿಂಗಳು ಊರಿನ ಪಹರೆ ಮುದುಕರದು. ದನಕರು ಅವರ ಪಾಲು, ಬೀಗದ ಕೈ ಅವರ ಸೊಂಟದಲ್ಲಿ. ಮೈಯಲ್ಲಿ ಕಸುವಿರುವ ತನಕ ಇದು ನಡೆಯುತ್ತದೆ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದರೆ, ಒಂದು ಬದಿ ಕೈಕಾಲು ಸ್ವಾಧೀನ ತಪ್ಪಿದರೆ, ನೆನಪು ಮಸುಕಾದರೆ ಲೆಕ್ಕವೆಲ್ಲ ತಲೆಕೆಳಗು. ಪಹರೆ ಕಾಯುತ್ತಿದ್ದವರಿಗೇ ಕಾವಲು ಬೇಕಾಗುತ್ತದೆ.

ವಲಸೆ ಹೋದವರ ಮಕ್ಕಳ ಓದು ನಿಲ್ಲಬಾರದೆಂದು ಈ ಸೀಮೆಯಲ್ಲಿ ಸರ್ಕಾರ ಸೀಸನಲ್ ಹಾಸ್ಟೆಲ್ ನಡೆಸಿದೆ. ಮಕ್ಕಳ ಮಟ್ಟಿಗೆ ವಲಸೆಯ ಕಾಲಪಟ್ಟಿ ಇಲಾಖೆಗೆ ಗೊತ್ತು. ಅದೇ ಲಾರಿ ಹಿಂದೆ ಬಿಟ್ಟುಹೋದ ಅಜ್ಜ ಅಜ್ಜಿಯರ ಲೆಕ್ಕಕ್ಕೆ ಮಾತ್ರ ಅಂಥ ಪಟ್ಟಿ ಬರಲಿಲ್ಲ.

> ■ ಅಕ್ಟೋಬರ್ 1: ಒಂದು ದಿನ, ಮೂರು ನಂಟು
>
> • 1953: ಆದೋನಿ ಸೀಮೆ ಬಳ್ಳಾರಿ ಜಿಲ್ಲೆಯಿಂದ ಬೇರೆಯಾದ ದಿನ.
>
> • ವಿಶ್ವ ಹಿರಿಯರ ದಿನ: ವಿಶ್ವಸಂಸ್ಥೆ 1990ರಲ್ಲಿ ಗೊತ್ತುಮಾಡಿತು, 1991ರಿಂದ ಆಚರಣೆ.
>
> • ತಿಂಗಳ ಒಂದನೇ ತಾರೀಕು: ಆಂಧ್ರದ ಮುದುಕರಿಗೆ ಪಿಂಚಣಿ ಮನೆ ಬಾಗಿಲಿಗೆ ಬರುವ ದಿನ.

ಯಾಕೆ ಬರುವುದಿಲ್ಲ?

“ಕೆಲಸದಾಕಿ ಹೇಳದೆ ಕೇಳದೆ ಬಿಟ್ಟಳು.” ಮುದುಕರನ್ನು ಮನೆಯಲ್ಲಿಟ್ಟುಕೊಂಡವರ ಬಾಯಲ್ಲಿ ಕೋಸಗಿಯಿಂದ ಬೆಂಗಳೂರಿನ ತನಕ ಇದೇ ದೂರು. ಹೊಸಬಳು ಬಂದಳು, ಹದಿನೈದು ದಿನಕ್ಕೆ ಹೋದಳು. ಹಬ್ಬಕ್ಕೆಂದು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಫೋನ್ ಸ್ವಿಚ್ ಆಫ್. ಈ ಸಿಟ್ಟಿಗೆ ಕಾರಣವಿದೆ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾದ ಮಗಳ ಎದೆ ಆ ಮುಂಜಾನೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಆದರೆ ಬಾರದವಳ ಲೆಕ್ಕವನ್ನೂ ಒಮ್ಮೆ ಹಾಕೋಣ.

ಆಂಧ್ರದಲ್ಲಿ ವೃದ್ಧಾಪ್ಯ ಪಿಂಚಣಿ 2024ರ ಜುಲೈನಿಂದ ತಿಂಗಳಿಗೆ 4,000 ರೂಪಾಯಿ. ದೇಶದ ಬಹುಪಾಲು ರಾಜ್ಯಗಳಿಗಿಂತ ಇದು ದೊಡ್ಡ ಮೊತ್ತ. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯ ಪಾಲು 79 ವರ್ಷದವರೆಗೆ ಇನ್ನೂ 200 ರೂಪಾಯಿ, ಎಂಬತ್ತಾದ ಮೇಲೆ 500. ಈಗ ಕೋಸಗಿಯ ಮುದುಕಿ ತನ್ನ ಪಿಂಚಣಿಯನ್ನು ಒಂದು ಪೈಸೆ ಉಳಿಸಿಕೊಳ್ಳದೆ ನೋಡಿಕೊಳ್ಳುವಾಕೆಗೆ ಕೊಟ್ಟಳೆಂದು ಇಟ್ಟುಕೊಳ್ಳಿ. ದಿನಕ್ಕೆ ಬೀಳುವುದು 133 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರೆ ಆಂಧ್ರದಲ್ಲಿ 2025–26ಕ್ಕೆ ಗೊತ್ತುಮಾಡಿದ ದಿನಗೂಲಿ 307 ರೂಪಾಯಿ. ಮೆಣಸಿನಕಾಯಿ ಹೊಲದಲ್ಲಿ ಗಂಡ, ಹೆಂಡತಿ, ದೊಡ್ಡ ಮಗ ಸೇರಿ ಕಿತ್ತರೆ ತಿಂಗಳುಗಳ ಸಾಲ ಒಂದೇ ಸುಗ್ಗಿಯಲ್ಲಿ ತೀರುವ ಆಸೆ.

ಹೀಗಿರುವಾಗ ಆಕೆ ಊರಲ್ಲಿ ಉಳಿದರೆ ಅದು ಬರಿಯ ಪ್ರೀತಿಯ ಬಲದಿಂದ. ಪ್ರೀತಿ ದೊಡ್ಡದು, ನಿಜ. ಅಂಗಡಿಯ ಬಾಕಿಗೆ ಅದು ಜಮೆಯಾಗುವುದಿಲ್ಲ.

ನೋಡಿಕೊಳ್ಳುವವಳ ಹಾಜರಿ ಬರೆಯುವುದು ಆಕೆಯ ಗುಣವಲ್ಲ, ಗುಂಟೂರಿನ ಬೆಳೆ. ಈ ಸೀಮೆಯಲ್ಲಿ ಆರೈಕೆ ತಪ್ಪುವ ತಿಂಗಳುಗಳು ಮೊದಲೇ ಗೊತ್ತಿರುವಂಥವು: ಹತ್ತಿ ಒಡೆದಾಗ, ಮೆಣಸಿನಕಾಯಿ ಹಣ್ಣಾದಾಗ. ಮೊದಲೇ ಗೊತ್ತಿರುವ ಕೊರತೆಗೆ ಮೊದಲೇ ಏರ್ಪಾಡು ಮಾಡದೆ, ಕೊನೆಗೆ ಒಬ್ಬ ಬಡ ಹೆಂಗಸನ್ನು ನಂಬಿಕೆಗೆಟ್ಟವಳೆಂದು ಬೈಯುವುದು ನ್ಯಾಯವಲ್ಲ.

ಎರಡು ಗಂಟೆಯ ಲೆಕ್ಕ

ಒಂದು ದಿನ ಬಾರದಿದ್ದರೆ ಅಂಥದ್ದೇನಾಯಿತು ಎನ್ನುವವರು ಹಾಸಿಗೆ ಹಿಡಿದವರ ಮೈ ನೋಡಬೇಕು.

ತಾವಾಗಿ ಮಗ್ಗುಲು ಬದಲಿಸಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ಎಲುಬು ಒತ್ತುವ ಕಡೆಯಲ್ಲೆಲ್ಲ ಚರ್ಮಕ್ಕೆ ರಕ್ತ ಹರಿಯದೆ ಮೊದಲು ಕೆಂಪಾಗುತ್ತದೆ, ಆಮೇಲೆ ಹುಣ್ಣಾಗುತ್ತದೆ. ಒಂದು ರಾತ್ರಿಯ ಅಲಕ್ಷ್ಯದಿಂದ ಆದ ಹುಣ್ಣು ಮಾಯಲು ತಿಂಗಳುಗಳು ಬೇಕಾಗಬಹುದು. ನಂಜೇರಿದರೆ ಜೀವಕ್ಕೇ ಕುತ್ತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿದ ಮೇಲೆ ಊಟ ತಡವಾದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಪಾರ್ಕಿನ್ಸನ್ ಇರುವವರಿಗೆ ಗುಳಿಗೆಯ ಹೊತ್ತು ಮೀರಿದರೆ ಮೈ ಬಿಗಿದುಕೊಳ್ಳುತ್ತದೆ. ಲೋಟ ಎತ್ತುವ ಕೈಯೇ ಏಳುವುದಿಲ್ಲ. ಪಾರ್ಶ್ವವಾಯು ಹೊಡೆದವರಿಗೆ ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೂರಿಸಿ ಉಣಿಸಬೇಕು, ಉಂಡ ಮೇಲೂ ಸುಮಾರು ಅರ್ಧ ಗಂಟೆ ಕೂರಿಸಿರಬೇಕು. ಇದೆಲ್ಲ ಗೊತ್ತಿದ್ದವಳು ಹೋಗಿ ಗೊತ್ತಿಲ್ಲದವಳು ಬಂದ ದಿನವೇ ಅಪಾಯದ ದಿನ.

ಮರೆವಿನ ಕಾಯಿಲೆಯವರ ಪಾಡು ಇನ್ನೂ ಕಷ್ಟ. ಅವರ ಲೋಕ ನಿಂತಿರುವುದೇ ದಿನದ ರೂಢಿಯ ಮೇಲೆ: ಅದೇ ಮುಖ, ಅದೇ ದನಿ, ಅದೇ ಹೊತ್ತಿಗೆ ಸ್ನಾನ. ಮುಖ ಬದಲಾದಾಗ ಗಾಬರಿ ಬೀಳುತ್ತಾರೆ. ಊಟ ಒಲ್ಲೆನ್ನುತ್ತಾರೆ. ಸೀರೆ ಬದಲಿಸಲು ಬಂದವಳನ್ನು ಕಳ್ಳಿ ಎಂದು ಹೊಡೆಯಲು ಹೋಗುತ್ತಾರೆ. ಬಂದವಳು ಹೆದರಿ ಕೆಲಸ ಬಿಡುತ್ತಾಳೆ. ಮತ್ತೊಂದು ಹೊಸ ಮುಖ, ಮತ್ತೆ ಗಾಬರಿ. ಈ ಸುಳಿಯಲ್ಲಿ ಸಿಕ್ಕಿದ ಮುದುಕರನ್ನು ಹಟಮಾರಿ ಎನ್ನುತ್ತೇವೆ.

ಭಾಷೆಯೂ ಇಲ್ಲಿ ಔಷಧಿಯಷ್ಟೇ ಮುಖ್ಯ. ಜೀವನವಿಡೀ ತೆಲುಗು ಕನ್ನಡ ಎರಡನ್ನೂ ಆಡಿದವರು ಕೂಡ ನೆನಪು ಸೋತಾಗ ತೊಟ್ಟಿಲ ಭಾಷೆಗೆ ಮರಳುವುದುಂಟು. “ಎದಿಯಾಗ ಚುಳುಕ್ ಅಂತೈತಿ” ಎಂದು ಅವ್ವ ಹೇಳಿದ್ದು ಪಕ್ಕದಲ್ಲಿರುವವಳಿಗೆ ತಿಳಿಯಬೇಕು. ಆ ಒಂದು ಮಾತು ತಿಳಿಯದೆ ಹೋದರೆ ಹೃದಯಾಘಾತಕ್ಕೆ ಗ್ಯಾಸಿನ ಗುಳಿಗೆ ನುಂಗಿಸಿದಂತಾಗುತ್ತದೆ.

> ■ ಅಂಕಿಗಳು ಹೇಳುವುದು
>
> • 2011ರ ಜನಗಣತಿ: ದೇಶದಲ್ಲಿ 60 ದಾಟಿದವರು 10.38 ಕೋಟಿ.
>
> • 2022ರ ಅಂದಾಜು: 14.9 ಕೋಟಿ. 2050ಕ್ಕೆ: 34.7 ಕೋಟಿ, ಅಂದರೆ ಐವರಲ್ಲಿ ಒಬ್ಬರು.
>
> • 2024ರ ಸಮಯ ಬಳಕೆ ಸಮೀಕ್ಷೆ: ಮನೆಯವರ ಆರೈಕೆಯಲ್ಲಿ ತೊಡಗಿದ 15ರಿಂದ 59 ವಯಸ್ಸಿನ ಹೆಂಗಸರು ಅದಕ್ಕಾಗಿ ದಿನಕ್ಕೆ ಕೊಡುವುದು 140 ನಿಮಿಷ, ಗಂಡಸರು 74 ನಿಮಿಷ.

ದುಡ್ಡಿದ್ದ ಮನೆಯ ಪಾಡು

ಊರಲ್ಲಿ ಯಾರೂ ಸಿಗದಾಗ ಮಕ್ಕಳು ಅಪ್ಪ ಅವ್ವನನ್ನು ಬೆಂಗಳೂರಿಗೆ ಕರೆದೊಯ್ಯುತ್ತಾರೆ. ಕಟ್ಟಡದ ಶೆಡ್ಡಿನಲ್ಲಿ ಬದುಕುವವರಿಗೆ ಆ ದಾರಿಯೂ ಇಲ್ಲ. ಓದಿ ನೌಕರಿ ಹಿಡಿದವರಿಗೆ ಇದೆ. ಅಲ್ಲಿ ಏಜೆನ್ಸಿಗಳಿವೆ. ಇಪ್ಪತ್ನಾಲ್ಕು ಗಂಟೆ ಮನೆಯಲ್ಲೇ ಉಳಿಯುವ ಕೇರ್‌ಟೇಕರ್‌ಗೆ ತಿಂಗಳಿಗೆ ಇಪ್ಪತ್ತು ಸಾವಿರ ರೂಪಾಯಿ ದಾಟುವುದು ಈಗ ಸಾಮಾನ್ಯ. ಅಷ್ಟು ಕೊಟ್ಟರೂ ದೂರು ಅದೇ: ಮೂರು ತಿಂಗಳಲ್ಲಿ ನಾಲ್ಕು ಮುಖ.

ಕೊಟ್ಟ ಹಣವೆಲ್ಲ ಕೆಲಸದವಳ ಕೈಗೆ ಹೋಗುವುದಿಲ್ಲ. ಏಜೆನ್ಸಿಯ ಕಮಿಷನ್ ಕಳೆದು ಉಳಿದದ್ದು ಆಕೆಯದು. ಒಡಿಶಾ, ಜಾರ್ಖಂಡ್, ಅಸ್ಸಾಂ, ಬಂಗಾಳದಿಂದ ಬಂದ ಹುಡುಗಿಯರು ಈ ಕೆಲಸದಲ್ಲಿ ಬಹಳ. ಅವರಿಗೂ ಊರಲ್ಲಿ ಕಾಯಿಲೆಯ ತಾಯಿ ಇರುತ್ತಾಳೆ. ವಾರದ ರಜೆ ಅನೇಕ ಮನೆಗಳಲ್ಲಿ ಇಲ್ಲ. ರಾತ್ರಿ ನಾಲ್ಕು ಸಲ ಎದ್ದವಳಿಗೆ ಹಗಲು ಮಲಗಲು ಬಿಡುವುದಿಲ್ಲ. ನಡು ಹಿಡಿದುಕೊಳ್ಳುವ ತನಕ ಎತ್ತಿ ಇಳಿಸಿ ಮಾಡುತ್ತಾಳೆ. ಒಂದು ದಿನ ಹೇಳದೆ ಹೊರಟುಬಿಡುತ್ತಾಳೆ. ಹೇಳಿದರೆ ಬಿಡುವುದಿಲ್ಲವೆಂಬ ಭಯ, ಸಂಬಳ ಹಿಡಿಯುತ್ತಾರೆಂಬ ಭಯ.

ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಮಾಡಿತು. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೇ ಒಡಂಬಡಿಕೆ ತಂದಾಗ ಭಾರತ ಅದರ ಪರ ಮತ ಹಾಕಿತು, ಅನುಮೋದನೆಗೆ ಸಹಿ ಮಾತ್ರ ಹಾಕಲಿಲ್ಲ. ಹಿರಿಯರಿಗೆ ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು, ಒಂದು ಮಟ್ಟ ಕಾಯಬೇಕು ಎಂಬ ಮಾತು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿತ್ತು. ಆ ಮಸೂದೆ ಕಾನೂನಾಗಲಿಲ್ಲ.

ಜಾರಿಯಲ್ಲಿರುವುದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿಯ ತನಕ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಮಾತು ತಪ್ಪಿದರೆ ಹಿಂದಕ್ಕೆ ಪಡೆಯಲು 23ನೇ ಕಲಮಿನಲ್ಲಿ ದಾರಿ ಇದೆ. ಮನಸ್ಸಿಲ್ಲದ ಮಕ್ಕಳನ್ನು ದಾರಿಗೆ ತರಲು ಇದು ಒಳ್ಳೆಯ ಅಸ್ತ್ರ. ಕೋಸಗಿಯ ಮಕ್ಕಳಿಗೆ ಮನಸ್ಸಿದೆ, ಊರಲ್ಲಿ ಕೂಲಿ ಇಲ್ಲ. ಅವರ ಮೇಲೆ ಯಾವ ಅವ್ವ ಅರ್ಜಿ ಹಾಕಿಯಾಳು?

ಪಿಂಚಣಿ ಬಂತು, ಬಾಗಿಲು ತೆರೆಯುವವರು?

ಆಂಧ್ರದ ಒಂದು ವ್ಯವಸ್ಥೆಯನ್ನು ಮನಸಾರೆ ಮೆಚ್ಚಬೇಕು. ತಿಂಗಳ ಮೊದಲ ದಿನ ಗ್ರಾಮ ಸಚಿವಾಲಯದ ಸಿಬ್ಬಂದಿ ಪಿಂಚಣಿ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಬ್ಯಾಂಕಿನ ಸಾಲಿನಲ್ಲಿ ನಿಂತು ಮೂರ್ಛೆ ಹೋಗುವ ಕಾಲ ಮುಗಿಯಿತು. ಪಾರ್ಶ್ವವಾಯುವಿನಿಂದ ಪೂರ್ತಿ ಹಾಸಿಗೆ ಹಿಡಿದವರಿಗೆ, ತೀವ್ರ ಸ್ನಾಯು ಕ್ಷಯದವರಿಗೆ, ಅಪಘಾತದಿಂದ ಗಾಲಿಕುರ್ಚಿಗೆ ಬಿದ್ದವರಿಗೆ ತಿಂಗಳಿಗೆ 15,000 ರೂಪಾಯಿಯ ಪ್ರತ್ಯೇಕ ಪಿಂಚಣಿಯೂ ಇದೆ. ನೋಡಿಕೊಳ್ಳುವವಳೊಬ್ಬಳನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ಮೊತ್ತ ಅದು.

ಆದರೆ ಆ ದರ್ಜೆಗೆ ಸೇರಲು ವೈದ್ಯರ ಪ್ರಮಾಣಪತ್ರ ಬೇಕು. ಕಾಯಿಲೆಯ ಹೆಸರು ಹೊಂದಬೇಕು. ಮುಪ್ಪು ಹಾಗೆ ಒಂದೇ ಏಟಿಗೆ ಕೆಡವುವುದಿಲ್ಲ. ಮೊದಲು ಮಂಡಿ ಹೋಗುತ್ತದೆ, ಆಮೇಲೆ ಕಣ್ಣು, ಆಮೇಲೆ ನೆನಪು. ದಿನಕ್ಕೆ ನಾಲ್ಕು ಗಂಟೆ ಯಾರಾದರೂ ಜೊತೆಗಿದ್ದರೆ ಸಾಕು ಎನ್ನುವ ಸ್ಥಿತಿಯಲ್ಲಿ ಬಹಳ ಜನ ಇರುತ್ತಾರೆ. 4,000 ಸಾಲದ, 15,000 ಸಿಗದ ಆ ನಡುವಿನ ಮೆಟ್ಟಿಲ ಮೇಲೆ ಕೂತವರೇ ಸುಗ್ಗಿಯ ತಿಂಗಳುಗಳಲ್ಲಿ ಒಂಟಿಯಾಗುವವರು.

ಸಿಬ್ಬಂದಿಯ ಭೇಟಿ ಐದು ನಿಮಿಷದ್ದು. ಬೆರಳಚ್ಚು ಬಿತ್ತು, ನೋಟು ಎಣಿಸಿಕೊಟ್ಟರು, ಮುಂದಿನ ಮನೆಗೆ ನಡೆದರು. ಅದೇ ಭೇಟಿಯಲ್ಲಿ ಇನ್ನು ಮೂರು ಪ್ರಶ್ನೆ ಕೇಳಿದರೆ? ರಾತ್ರಿ ನಿಮ್ಮ ಜೊತೆ ಯಾರು ಮಲಗುತ್ತಾರೆ? ಗುಳಿಗೆ ಯಾರು ಕೊಡುತ್ತಾರೆ? ಹೋದ ತಿಂಗಳು ಬಿದ್ದಿದ್ದಿರಾ? ಉತ್ತರಗಳು ಆಶಾ ಕಾರ್ಯಕರ್ತೆಗೂ ಎಎನ್‌ಎಂಗೂ ತಲುಪಿದರೆ ಒಂಟಿಯಾದವರ ಪಟ್ಟಿ ಊರಿನ ಕೈಯಲ್ಲೇ ಇರುತ್ತದೆ. ಇದಕ್ಕೆ ಹೊಸ ಇಲಾಖೆ ಬೇಡ. ಹೋಗುವ ಕಾಲು ಈಗಾಗಲೇ ಹೋಗುತ್ತಿದೆ.

ಬೇರೆ ಊರುಗಳು ಕಲಿಸಿದ ಪಾಠ

ಕೇರಳದ ಮಲಪ್ಪುರಂ ಸುತ್ತ 2000ದ ಆಸುಪಾಸಿನಲ್ಲಿ ನೆರೆಹೊರೆಯವರೇ ಸೇರಿ ರೋಗಿಗಳ ಮನೆ ಬಾಗಿಲಿಗೆ ಹೋಗುವ ಉಪಶಾಮಕ ಆರೈಕೆಯ ಜಾಲ ಕಟ್ಟಿದರು. ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಶಿಕ್ಷಕರು, ಅಂಗಡಿಯವರು, ವಿದ್ಯಾರ್ಥಿಗಳು ತರಬೇತಿ ಪಡೆದು ನರ್ಸ್ ಜೊತೆ ಮನೆಮನೆಗೆ ಹೋದರು. ಒಬ್ಬರು ತಪ್ಪಿದರೆ ಇನ್ನೊಬ್ಬರು. 2008ರಲ್ಲಿ ಕೇರಳ ಸರ್ಕಾರ ಇದನ್ನೇ ನೀತಿಯಾಗಿ ಮಾಡಿತು, ಪಂಚಾಯಿತಿಗಳು ಮನೆ ಭೇಟಿಯ ತಂಡಗಳನ್ನು ನಡೆಸತೊಡಗಿದವು. ಅಲ್ಲಿನ ಕುಟುಂಬಶ್ರೀ ಹೆಣ್ಣುಮಕ್ಕಳ ಸಂಘಟನೆ 2024ರಲ್ಲಿ ‘ಕೆ ಫೋರ್ ಕೇರ್’ ಎಂಬ ಹೆಸರಿನಲ್ಲಿ ಮನೆ ಆರೈಕೆಗೆ ತರಬೇತಾದ ಹೆಂಗಸರ ಪಡೆ ಕಟ್ಟಲು ಹೊರಟಿತು.

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ಕಾಯಿಲೆಯವರಿಗೆ ಹಗಲು ಆರೈಕೆಯ ಕೇಂದ್ರಗಳನ್ನು ತೆರೆಯಿತು. ನಗರ ಪೊಲೀಸರ ಜೊತೆಗೂಡಿ 2002ರಲ್ಲಿ ಹಿರಿಯರ ಸಹಾಯವಾಣಿ 1090 ಶುರು ಮಾಡಿತು. ಹಗಲು ಕೇಂದ್ರದ ಗುಣವೇ ಬೇರೆ. ಅಲ್ಲಿ ಇಡೀ ದಿನದ ಭಾರ ಒಬ್ಬಳೇ ಹೆಂಗಸಿನ ಬೆನ್ನ ಮೇಲೆ ಬೀಳುವುದಿಲ್ಲ. ಒಬ್ಬಳು ರಜೆ ಹಾಕಿದರೆ ಬಾಗಿಲು ಮುಚ್ಚುವುದಿಲ್ಲ.

ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ಮುಪ್ಪಿನ ಆರೈಕೆಗೆಂದೇ ವಿಮೆ ತಂದವು. ಜಪಾನಿನಲ್ಲಿ ನಲವತ್ತು ವಯಸ್ಸಾದ ಪ್ರತಿಯೊಬ್ಬರೂ ಕಂತು ಕಟ್ಟುತ್ತಾರೆ. ಜರ್ಮನಿಯ ವಿಮೆಯಲ್ಲಿ ನಮ್ಮ ಸೀಮೆಗೆ ಬೇಕಾದ ಒಂದು ಮಾತಿದೆ. ಮನೆಯಲ್ಲಿ ನೋಡಿಕೊಳ್ಳುವವರು ಕಾಯಿಲೆ ಬಿದ್ದರೆ, ರಜೆಗೆ ಹೋದರೆ ಬದಲಿ ಆರೈಕೆಯ ಖರ್ಚನ್ನು ವಿಮೆ ಕೊಡುತ್ತದೆ. ನೋಡಿಕೊಳ್ಳುವವರೂ ಮನುಷ್ಯರು, ಅವರಿಗೂ ದಣಿವಾಗುತ್ತದೆ ಎಂದು ಕಾನೂನೇ ಒಪ್ಪಿಕೊಂಡಿದೆ.

ಜರ್ಮನಿಯ ಖಜಾನೆ ಕೋಸಗಿಗೆ ಬರುವುದಿಲ್ಲ. ಆದರೆ ಇಬ್ಬರಿದ್ದರೆ ಮಾತ್ರ ಸರದಿ ನಡೆಯುತ್ತದೆ ಎಂಬ ತಿಳಿವಿಗೆ ಖಜಾನೆ ಬೇಕಿಲ್ಲ.

ಡ್ವಾಕ್ರಾ ಸಂಘದ ಕೈಗೆ ಕೊಡಿ

ಆಂಧ್ರದ ಹಳ್ಳಿಗಳಲ್ಲಿ ಡ್ವಾಕ್ರಾ ಎಂಬ ಹೆಂಗಸರ ಸ್ವಸಹಾಯ ಸಂಘ ಇಲ್ಲದ ಊರು ಸಿಗುವುದು ಕಷ್ಟ. ಸಾಲ ತೆಗೆದು, ಕಂತು ಕಟ್ಟಿ, ಲೆಕ್ಕದ ಪುಸ್ತಕ ಬರೆದು ಈ ಹೆಂಗಸರು ಮೂರು ದಶಕದಿಂದ ಪಳಗಿದ್ದಾರೆ. ಇಂಥ ಸಂಘದಲ್ಲಿ ನಾಲ್ಕೈದು ಜನರಿಗೆ ಸರ್ಕಾರ ತರಬೇತಿ ಕೊಡಲಿ: ಮಗ್ಗುಲು ಬದಲಿಸುವುದು, ಕೂರಿಸಿ ಉಣಿಸುವುದು, ಬಿಪಿ ಮತ್ತು ಸಕ್ಕರೆ ನೋಡುವುದು, ಹುಣ್ಣಿನ ಮೊದಲ ಗುರುತು ಹಿಡಿಯುವುದು, ಯಾವಾಗ 108ಕ್ಕೆ ಫೋನ್ ಮಾಡಬೇಕೆಂದು ತಿಳಿಯುವುದು. ಸುಗ್ಗಿಯ ತಿಂಗಳುಗಳಿಗೆ ಅವರಿಗೆ ಕೂಲಿ ಗೊತ್ತುಮಾಡಲಿ. ಆ ಕೂಲಿ ಮಣ್ಣು ಹೊರುವ ಕೂಲಿಗಿಂತ ಕಡಿಮೆ ಇರಬಾರದು.

ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮುದುಕರಿಗೆ ಗುರುತಿನ ಮುಖ ಸಿಗುತ್ತದೆ, ಅವರ ಭಾಷೆ ಆಡುವ ಮುಖ. ನಾಲ್ಕೈದು ಮನೆಗಳ ಹೆಂಗಸರು ಲಾರಿ ಹತ್ತುವುದು ತಪ್ಪುತ್ತದೆ, ಅವರ ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ. ವಲಸೆ ತಡೆಯಲು ಕೆರೆ ಹೂಳೆತ್ತುವ ಕೆಲಸ ಕೊಟ್ಟಂತೆಯೇ ಅವ್ವನ ಮಗ್ಗುಲು ಬದಲಿಸುವ ಕೆಲಸವನ್ನೂ ಕೊಡಬಹುದು. ಇದೂ ಮೈ ಮುರಿಯುವ ದುಡಿಮೆಯೇ. ಇದಕ್ಕೂ ಮಸ್ಟರ್ ರೋಲ್ ಬೇಕು.

ಗಂಡಸರ ಪಾಲನ್ನೂ ಹೇಳಲೇಬೇಕು. ಹಾಸಿಗೆ ಹಿಡಿದ ತಾತನನ್ನು ಎತ್ತಿ ಕೂರಿಸಲು ಬಲ ಬೇಕು. ಊರಲ್ಲಿ ಉಳಿದ ಗಂಡುಮಕ್ಕಳು ಇದು ಹೆಣ್ಣಿನ ಕೆಲಸ ಎಂದು ಹೊರಗೆ ಕೂರಬಾರದು.

> ■ ನೋಡಿಕೊಳ್ಳುವವರನ್ನು ಗೊತ್ತುಮಾಡುವಾಗ
>
> • ಮೊದಲ ದಿನದಿಂದಲೇ ಇಬ್ಬರು: ಒಬ್ಬರು ಮುಖ್ಯ, ಇನ್ನೊಬ್ಬರು ಬದಲಿ. ಬದಲಿಯವರು ವಾರಕ್ಕೊಮ್ಮೆಯಾದರೂ ಬಂದು ಮುಖ ಪರಿಚಯ ಉಳಿಸಿಕೊಳ್ಳಲಿ.
>
> • ವಾರದ ರಜೆ, ಹಬ್ಬದ ರಜೆ, ಸಂಬಳದ ತಾರೀಕು, ಬಿಡುವ ಮುನ್ನ ಎಷ್ಟು ದಿನ ಮೊದಲು ಹೇಳಬೇಕು: ನಾಲ್ಕನ್ನೂ ಬರೆದಿಡಿ, ಎರಡೂ ಕಡೆಯವರು ಪಾಲಿಸಲಿ.
>
> • ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್: ಗುಳಿಗೆ, ಊಟ, ಮಲಮೂತ್ರ, ಮಗ್ಗುಲು ಬದಲಿಸಿದ ಹೊತ್ತು. ಹೊಸಬರು ಬಂದರೆ ಅದೇ ಅವರ ಪಾಠ.
>
> • ಗುಳಿಗೆಗಳನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬೇರೆ ಬೇರೆ ಡಬ್ಬಿಗೆ ಹಾಕಿಡಿ. ಓದು ಬಾರದವರಿಗಾಗಿ ಸೂರ್ಯ, ಚಂದ್ರರ ಚಿತ್ರ ಅಂಟಿಸಿ.
>
> • ದೂರದಲ್ಲಿರುವ ಮಕ್ಕಳು ಅವ್ವನ ಜೊತೆಗೆ ನೋಡಿಕೊಳ್ಳುವವರ ಜೊತೆಗೂ ಫೋನಿನಲ್ಲಿ ಮಾತಾಡಲಿ: “ನೀ ಉಂಡೆಯಾ?”
>
> • ಹಿರಿಯರ ಸಹಾಯವಾಣಿ: 14567. ಆಂಬುಲೆನ್ಸ್: 108. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್: 14416.

ಮಾಡಬೇಕಾದುದು ದಸರೆಗೆ ಮುಂಚೆ

ಈ ಸೀಮೆಯ ಮುದುಕರು ಮಕ್ಕಳನ್ನು ದೂರುವುದಿಲ್ಲ. “ಹೊಟ್ಟಿ ಕೇಳಬೇಕಲ್ಲಪ್ಪ” ಎನ್ನುತ್ತಾರೆ. ಅವರೂ ತಮ್ಮ ಹರೆಯದಲ್ಲಿ ಇದೇ ದಾರಿಯಲ್ಲಿ ಹೋಗಿ ಬಂದವರು, ತಮ್ಮ ಅಪ್ಪ ಅವ್ವನನ್ನು ಹೀಗೇ ಯಾರದೋ ಕೈಗೆ ಒಪ್ಪಿಸಿದವರು. ಆಗ ಒಪ್ಪಿಸಿಕೊಳ್ಳಲು ದೊಡ್ಡ ಮನೆಗಳಿದ್ದವು, ಒಬ್ಬ ಸೊಸೆ ಹೋದರೆ ಇನ್ನೊಬ್ಬಳು ಉಳಿಯುತ್ತಿದ್ದಳು. ಇವತ್ತಿನ ಮನೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಕಟ್ಟೆಯ ಮೇಲೆ ಅವ್ವ. ನಾಲ್ವರು ಹೊರಟರೆ ಉಳಿಯುವುದು ಒಬ್ಬಳೇ.

ಅವರು ದೂರುವುದಿಲ್ಲ ಎಂಬುದೇ ನಮ್ಮ ಮೇಲಿನ ದೊಡ್ಡ ಹೊರೆ. ದೂರು ಹೇಳದವರ ಪರವಾಗಿ ಊರು ಮಾತಾಡಬೇಕು. ಪಂಚಾಯಿತಿ, ಗ್ರಾಮ ಸಚಿವಾಲಯ, ಡ್ವಾಕ್ರಾ ಸಂಘ ಒಂದು ಸಂಜೆ ಒಟ್ಟಿಗೆ ಕೂತರೆ ಈ ವರ್ಷ ಯಾರ ಮನೆಯಿಂದ ಯಾರು ಹೊರಡುತ್ತಾರೆ, ಯಾರು ಉಳಿಯುತ್ತಾರೆ, ಉಳಿದವರಲ್ಲಿ ಯಾರಿಗೆ ಜೊತೆ ಬೇಕು ಎಂಬ ಪಟ್ಟಿ ಸಿದ್ಧವಾಗುತ್ತದೆ. ಹಿರಿಯರ ದಿನವಾದ ಅಕ್ಟೋಬರ್ ಒಂದರಂದು ಶಾಲು ಹೊದಿಸಿ ಫೋಟೊ ತೆಗೆಸುವ ಬದಲು ಆ ಪಟ್ಟಿಯನ್ನು ಓದಿ ಹೇಳಲಿ. ಪ್ರತಿ ಹೆಸರಿನ ಮುಂದೆ ಇಬ್ಬರ ಹೆಸರಿರಲಿ: ಬರುವವಳೊಬ್ಬಳು, ಆಕೆ ಬಾರದಿದ್ದರೆ ಬರುವವಳು ಇನ್ನೊಬ್ಬಳು. ಇಬ್ಬರ ಕೂಲಿಯನ್ನೂ ಯಾರು ಕೊಡುತ್ತಾರೆಂದು ಅದೇ ಸಾಲಿನಲ್ಲಿ ಬರೆದಿರಲಿ.

ಮೇಸ್ತ್ರಿಯ ಪಟ್ಟಿ ದಸರೆಗೆ ಮುಂಚೆಯೇ ತಯಾರಾಗುತ್ತದೆ. ಊರಿನ ಪಟ್ಟಿ ಅದಕ್ಕಿಂತ ಒಂದು ವಾರ ಮುಂಚೆ ತಯಾರಾಗಬೇಕು.